ಕೊಡೆಯಪ್ಪನ ಮಗ ಮೇಜರ್ ಆದ

ಎಲ್ಲಾ ಶುರುವಾಗಿದ್ದು ನಲ್ಲಿ ಹತ್ರ. ಲೋಕದಲ್ಲಿ ಯುದ್ಧ ಶುರುವಾಗೋದೇ ನಲ್ಲಿ ಹತ್ರ, ಸಿಪಾಯಿಗಳಿಗೆ ಆಮೇಲೆ ಗೊತ್ತಾಗುತ್ತೆ ಅಷ್ಟೇ. ಕೊಡೆಯಪ್ಪನ ಹೆಂಡತಿ ಬೆಳಿಗ್ಗೆ ಬಕೆಟ್ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ಲು. ನೀರು ಸಣ್ಣಗೆ ಬರ್ತಿತ್ತು, ಇರುವೆ ಮೂತ್ರ ಹೊಯ್ದ ಹಾಗೆ. ಬಕೆಟ್ ತುಂಬೋ ತನಕ ಬಾಯಿ ಮುಚ್ಚಿಕೊಂಡು ನಿಲ್ಲೋದು ಯಾವ ಹೆಂಗಸಿನ ಕೈಲಾಗುತ್ತೆ? ಪಕ್ಕದಲ್ಲಿದ್ದ ಟೈಲರಮ್ಮನಿಗೆ, "ಅಕ್ಕಾ, ನಮ್ಮ ಹುಡುಗ ಇವತ್ತಿಗೆ ಮೇಜರ್ ಆದ ನೋಡು" ಅಂದುಬಿಟ್ಲು.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ್ಲು. ಆದ್ರೆ ಬಾಯಿಂದ ಬಿದ್ದ ಮಾತು, ಬಕೆಟ್ಟಿಂದ ಚೆಲ್ಲಿದ ನೀರು, ಎರಡನ್ನೂ ಬಾಚಿಕೊಳ್ಳೋಕಾಗುತ್ತಾ? ರಾತ್ರಿಯೆಲ್ಲಾ ಗಂಡ ಬಡ್ಕೊಂಡಿದ್ದ, "ಲೇ, ನಾಳೆ ಹುಡುಗನಿಗೆ ಹದಿನೆಂಟು ತುಂಬುತ್ತೆ. ಬಾಯಿಬಿಟ್ಟು ಯಾರಿಗೂ ಹೇಳ್ಬೇಡ. ಹೇಳಿದ್ರೆ ನಮ್ಮ ಗೂಡು ಹೋಯ್ತು ಅಂತ ತಿಳ್ಕೋ" ಅಂತ.

ಗೂಡು ಅಂದ್ರೆ ಕೊಡೆಯಪ್ಪನ ಅಂಗಡಿ. ಅವನು ಕೊಡೆ ರಿಪೇರಿ ಮಾಡೋನು. ಅಪ್ಪ ಅಮ್ಮ ಇಟ್ಟ ಹೆಸರು ಯಾವುದೋ, ಅವನಿಗೇ ಮರೆತು ಹೋಗಿತ್ತು, ಊರೆಲ್ಲಾ ಕೊಡೆಯಪ್ಪ ಅನ್ನೋದು. ಮುರಿದ ಕಡ್ಡಿ ಕಟ್ಟೋದು, ಹರಿದ ಬಟ್ಟೆ ಹೊಲಿಯೋದು, ಸ್ಪ್ರಿಂಗು ಹಾರಿದ್ರೆ ಹುಡುಕಿ ಕೂರಿಸೋದು. ದೊಡ್ಡ ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಇರೋ ಸಂದಿಯಲ್ಲೇ ಅವನ ಅಂಗಡಿ. ಒಳಗೆ ಹೋದ್ರೆ ತಿರುಗೋಕೆ ಜಾಗ ಇಲ್ಲ. ತಿರುಗಬೇಕು ಅಂದ್ರೆ ಹಿಂದಕ್ಕೆ ನಡೆದು ಬೀದಿಗೆ ಬಂದು, ಅಲ್ಲಿ ತಿರುಗಿ, ಮತ್ತೆ ಒಳಗೆ ಹೋಗಬೇಕು. ತಲೆ ಮೇಲೆ ದಿನವೆಲ್ಲಾ ಜನ ಹತ್ತಿ ಇಳಿದು, ಅವನ ಕತ್ತು ಆಮೆ ಕತ್ತಿನ ಹಾಗೆ ಒಳಗೆ ಸೇರಿಕೊಂಡಿತ್ತು. ಆದ್ರೂ ಅದೇ ಅವನಿಗೆ ಅರಮನೆ. ಅದು ಹೋದ್ರೆ ಅನ್ನ ಇಲ್ಲ.

ಆ ಗೂಡು ಕೊಟ್ಟವಳು ಕಟ್ಟಡದ ಯಜಮಾನಿ, ಮಹಡಿ ಅಜ್ಜಿ. ಕೊಡೆಯಪ್ಪ ಕಂಕುಳಲ್ಲಿ ಕೂಸು ಇಟ್ಕೊಂಡು ಬೀದೀಲಿ ಕೂತು ಕೊಡೆ ಹೊಲೀತಿದ್ದಾಗ, ಅಜ್ಜಿಗೆ ಕರುಳು ಚುರ್ ಅಂದು, "ನಿನ್ನ ಮಗ ಮೇಜರ್ ಆಗೋ ತನಕ ಇಲ್ಲಿ ಕೂತ್ಕೊಂಡು ಬದುಕ್ಕೋ. ಆಮೇಲಿನ ಮಾತು ಆಮೇಲೆ" ಅಂದಿದ್ಲು. ಆ 'ಆಮೇಲಿನ ಮಾತು' ಏನು ಅಂತ ಹೇಳೋಕೆ ಮುಂಚೆ ಅಜ್ಜಿ ಸತ್ತು ಹೋದ್ಲು. ಈಗ ಅವಳ ಮಗನೇ ಯಜಮಾನ. ಅವನು ಏನಾದ್ರೂ "ಹುಡುಗ ಮೇಜರ್ ಆದ್ನಲ್ಲ, ನಡಿ ಇನ್ನು" ಅಂದ್ರೆ? ಇದೇ ಯೋಚನೆ ಕೊಡೆಯಪ್ಪನನ್ನ ವರ್ಷಗಟ್ಟಲೆ ಹುಳದ ಹಾಗೆ ಕೊರೀತಿತ್ತು. ಸಾಲದ್ದಕ್ಕೆ ಪಕ್ಕದ ಕಟಿಂಗ್ ಶಾಪಿನವನು ಬೇರೆ, ಗಿರಾಕಿ ಗಡ್ಡಕ್ಕೆ ಸೋಪು ಹಚ್ಚುತ್ತಾ ಹಚ್ಚುತ್ತಾ ಕಣ್ಣಲ್ಲೇ ಗೂಡಿನ ಅಳತೆ ತೆಗೀತಿದ್ದ. ಇನ್ನೊಂದು ಕುರ್ಚಿ ಹಾಕೋ ಆಸೆ ಅವನಿಗೆ.

ಹುಡುಗ ಊರಲ್ಲಿಲ್ಲ, ದೂರದಲ್ಲಿ ಲಾರಿ ರಿಪೇರಿ ಕಲಿಯೋಕೆ ಸೇರಿದ್ದ, ಏನು ಕೆಲಸ ಅಂತ ಬೀದೀಲಿ ಯಾರಿಗೂ ಹೇಳಿರಲಿಲ್ಲ. ಹೋಗಿ ಬಹಳ ದಿನ ಆಗಿದ್ದಕ್ಕೆ ಜನಕ್ಕೆ ಅವನ ವಯಸ್ಸು ಮರೆತು ಹೋಗಿದೆ, ಯಜಮಾನರಿಗೂ ಮರೆತಿರುತ್ತೆ, ಸುಮ್ಮನೆ ಇದ್ರೆ ಇನ್ನೊಂದು ಹತ್ತು ವರ್ಷ ತಳ್ಳಬಹುದು ಅಂತ ಕೊಡೆಯಪ್ಪನ ಲೆಕ್ಕಾಚಾರ.

ಆವತ್ತು ಅವನು ಗೂಡಿನ ಬಾಗಿಲು ತೆಗೆದು ಇನ್ನೂ ಒಂದು ಕಡ್ಡಿ ನೆಟ್ಟಗೆ ಮಾಡಿಲ್ಲ, ಟೈಲರಮ್ಮ ಕತ್ತಿಗೆ ಅಳತೆ ಟೇಪು ನೇತಾಕ್ಕೊಂಡು ಬಂದು ನಿಂತ್ಲು.

"ಏನಣ್ಣಾ, ಇಷ್ಟು ದೊಡ್ಡ ವಿಷಯ ಹೊಟ್ಟೇಲಿ ಇಟ್ಕೊಂಡು ಹೇಗೆ ನಿದ್ದೆ ಮಾಡಿದ್ರಿ? ಹುಡುಗ ಮೇಜರ್ ಆದ್ನಂತೆ?"

ಕೊಡೆಯಪ್ಪನ ಕೈಲಿದ್ದ ಕೊಡೆ ತಾನಾಗೇ ಬಿಚ್ಕೊಂಡು ಅವನನ್ನ ಗೋಡೆಗೆ ಒತ್ತಿತು. "ಯಾರು ಹೇಳಿದ್ರು?" ಅಂದ ಕೊಡೆ ಹಿಂದಿಂದ.

"ನಿಮ್ಮ ಮನೆಯವ್ಳೇ. ಅಲ್ಲ ಅಣ್ಣಾ, ಹೆಗಲ ಮೇಲೆ ಏನು ಬರುತ್ತೆ? ನಕ್ಷತ್ರಾನಾ, ಪಟ್ಟೀನಾ? ಕುದುರೆ ಕೊಡ್ತಾರಾ ಇಲ್ಲ ಜೀಪಾ? ನಮ್ಮ ಬೀದಿ ಹುಡುಗ ಬಂದೂಕು ಹಿಡಿದು ಸಾವಿರ ಜನಕ್ಕೆ 'ಬಲಕ್ಕೆ ತಿರುಗು' ಅಂತಾನೆ ಅಂದ್ರೆ ನನಗೆ ಮೈ ಜುಮ್ ಅನ್ನುತ್ತೆ."

ಆಗ ಕೊಡೆಯಪ್ಪನಿಗೆ ಹೊಳೀತು. ಇವಳು ಮಿಲಿಟರಿ ಮೇಜರ್ ಅಂದ್ಕೊಂಡಿದ್ದಾಳೆ. "ಅಯ್ಯೋ ಅದಲ್ಲಮ್ಮ, ಹದಿನೆಂಟು ತುಂಬಿದ್ರೆ ಮೇಜರ್ ಅಂತಾರಲ್ಲ, ಅದು" ಅನ್ನೋಕೆ ಬಾಯಿ ತೆಗೆದ. ತೆಗೆದವನೇ ಹಾಗೇ ನಿಂತ. ಅದನ್ನ ಹೇಳಿದ್ರೆ ತಾನೇ ತನ್ನ ಕೈಯಾರೆ ಗೂಡಿಗೆ ಬೆಂಕಿ ಇಟ್ಟ ಹಾಗೆ. ಪಕ್ಕದಲ್ಲಿ ಕಟಿಂಗ್ ಶಾಪಿನವನ ಕತ್ತರಿ ಸದ್ದು ನಿಂತಿತ್ತು. ಕತ್ತರಿ ನಿಂತಿದೆ ಅಂದ್ರೆ ಕಿವಿ ನೆಟ್ಟಗಾಗಿದೆ ಅಂತಲೇ ಅರ್ಥ.

"ಹೂಂ" ಅಂದ ಕೊಡೆಯಪ್ಪ. "ಅದೇ. ಜೀಪೇ ಇರ್ಬೇಕು."

ಅಷ್ಟು ಸಾಕಾಯ್ತು. ಟೈಲರಮ್ಮ ಹೋದ ವೇಗಕ್ಕೆ ಅವಳ ಅಳತೆ ಟೇಪು ಗಾಳೀಲಿ ಬಾಲದ ಹಾಗೆ ಹಾರ್ತಿತ್ತು.

ಕಟಿಂಗ್ ಶಾಪಿನವನು ಅರ್ಧ ಗಡ್ಡ ಬೋಳಿಸಿದ ಗಿರಾಕೀನ ಕುರ್ಚೀಲೇ ಬಿಟ್ಟು ಬಂದ. "ಕೊಡೆಯಪ್ಪ, ನನ್ನ ಹತ್ರಾನೂ ಹೇಳಲಿಲ್ಲವಲ್ಲ ನೀನು. ಗೋಡೆಗೆ ಗೋಡೆ ತಾಗಿಸ್ಕೊಂಡು ಬದುಕ್ತಿದ್ದೀವಿ. ನಿನ್ನ ಕೆಮ್ಮು ನನಗೆ ಗೊತ್ತು, ನನ್ನ ಕೆಮ್ಮು ನಿನಗೆ ಗೊತ್ತು."

"ಹೇಳೋಣ ಅಂತಲೇ ಇದ್ದೆ."

"ಮಗ ಮೇಜರ್, ಅಪ್ಪ ಇಲ್ಲಿ ಕೊಡೆ ಹೊಲಿಯೋದು. ನೋಡೋಕೆ ಚೆನ್ನಾಗಿರಲ್ಲ ಅಲ್ವಾ?" ಅಂತ ಅವನು ಗೂಡಿನ ಒಳಗೆ ತಲೆ ಹಾಕಿ ಮೇಲೆ ಕೆಳಗೆ ನೋಡಿದ. "ಕನ್ನಡಿ ಎಲ್ಲಿ ತಗಲಾಕಬಹುದು ಅಂತ ನೋಡಿದೆ ಅಷ್ಟೇ. ಸುಮ್ನೆ."

ಕೊಡೆಯಪ್ಪನಿಗೆ ಆ 'ಸುಮ್ನೆ' ಹೊಟ್ಟೆ ಒಳಗೆ ಮುಳ್ಳಿನ ಹಾಗೆ ಸಿಕ್ಕಾಕ್ಕೊಂಡಿತು.

ಆಮೇಲೆ ಬಂದವನು ಬ್ರೆಡ್ಡು ಮಾರೋನು. ಸೈಕಲ್ ನಿಲ್ಲಿಸಿ, ಟೋಪಿ ತೆಗೆದು, ಸಾವಿನ ಮನೆಗೆ ಬಂದವನ ಹಾಗೆ ಮುಖ ಮಾಡ್ಕೊಂಡು ನಿಂತ. ಒಂದು ದೊಡ್ಡ ಬ್ರೆಡ್ಡು ಕೈಗಿಟ್ಟು, "ಧೈರ್ಯ ತಗೋ ಕೊಡೆಯಪ್ಪ. ಹುಡುಗನಿಗೆ ಮೇಜರ್ ಆಪರೇಷನ್ ಆಯ್ತಂತೆ. ಹೊಟ್ಟೇದಾ, ತಲೇದಾ?" ಅಂದ.

ಮಾತು ನಾಲ್ಕು ಬಾಗಿಲು ದಾಟೋದ್ರೊಳಗೆ ಆಸ್ಪತ್ರೆ ಸೇರಿತ್ತು. ಕೊಡೆಯಪ್ಪ ಬ್ರೆಡ್ಡು ಹಿಡ್ಕೊಂಡು ಒಂದು ಗಳಿಗೆ ಯೋಚಿಸಿದ. ಆಪರೇಷನ್ನೇ ಒಳ್ಳೇದಲ್ವಾ? ಆಪರೇಷನ್ ಆದ ಹುಡುಗನ ಅಪ್ಪನ್ನ ಯಾರು ಖಾಲಿ ಮಾಡಿಸ್ತಾರೆ? "ಹೊಟ್ಟೇದು" ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಆಚೆ ಕಡೆಯಿಂದ ಕಟಿಂಗ್ ಶಾಪಿನವನೇ ಕೂಗಿದ, "ಲೋ, ಆಪರೇಷನ್ ಅಲ್ವೋ, ಮಿಲಿಟರಿ ಮೇಜರ್." ಬ್ರೆಡ್ಡಿನವನು ಸೆಟೆದು ನಿಂತು ಸಲಾಮು ಹೊಡೆದ. ಹೊಡೆದ ಕೈ ಇಳಿಸೋವಾಗ ಬ್ರೆಡ್ಡು ವಾಪಸ್ ಕಿತ್ಕೊಂಡ. ರೋಗಿಗೆ ತಂದಿದ್ದು, ಮೇಜರ್‌ಗೆ ಬ್ರೆಡ್ಡಿಗೆ ಏನು ಕಮ್ಮಿ ಅಂತ.

ಹೊತ್ತು ಏರ್ತಾ ಏರ್ತಾ ಗೂಡಿನ ಮುಂದೆ ಜಾತ್ರೆ. ಯಾರಿಗೂ ಕೊಡೆ ಬೇಡ, ಎಲ್ಲರಿಗೂ ಮೇಜರ್ ಬೇಕು. ಮೇಜರ್ ಏನು ತಿಂತಾನೆ, ಮಲಗೋವಾಗ ಬೂಟು ಬಿಚ್ತಾನಾ, ಅವನಿಗೆ ನೆಗಡಿ ಆದ್ರೆ ರಜಾ ಕೊಡ್ತಾರಾ, ಅವರಮ್ಮ ಬೈದ್ರೆ ಅವಳನ್ನೂ ಜೈಲಿಗೆ ಹಾಕಬಹುದಾ. ಕೇಳಿದ್ದೇ ಕೇಳಿದ್ದು. ಕೊಡೆಯಪ್ಪ ಎಲ್ಲಕ್ಕೂ "ಹೂಂ" ಅಂದ. ಮೊದಲು ಸಣ್ಣ ಹೂಂ, ಆಮೇಲೆ ಸ್ವಲ್ಪ ದಪ್ಪ ಹೂಂ. ಹೇಳ್ತಾ ಹೇಳ್ತಾ ಆಮೆ ಕತ್ತು ಎರಡು ಬೆರಳು ಹೊರಗೆ ಬಂತು ಅಂತ ನೋಡಿದವರು ಹೇಳ್ತಾರೆ.

ಆಗ ಬಂದ ಹವಾಲ್ದಾರ್ ತಾತ. ಅವನು ಮಿಲಿಟರೀಲಿ ಇದ್ದಿದ್ದು ನಿಜ, ಆದ್ರೆ ಅಡುಗೆಮನೇಲಿ. ಆಯಸ್ಸೆಲ್ಲಾ ಆಲೂಗೆಡ್ಡೆ ಸಿಪ್ಪೆ ತೆಗೆದೇ ಸವೆಸಿದವನು, ಮೀಸೆ ಮಾತ್ರ ಸೇನಾಪತಿದು. ಜನ ದಾರಿ ಬಿಟ್ರು.

"ಯಾವ ರೆಜಿಮೆಂಟೋ?" ಅಂದ ತಾತ.

ಕೊಡೆಯಪ್ಪನಿಗೆ ರೆಜಿಮೆಂಟು ಅಂದ್ರೆ ತಿನ್ನೋದೋ ಉಡೋದೋ ಗೊತ್ತಿಲ್ಲ. ಬೆಪ್ಪಾಗಿ ಸುತ್ತಮುತ್ತ ನೋಡಿದ. ಎಲ್ಲಿ ನೋಡಿದ್ರೂ ನೇತಾಡೋ ಕೊಡೆಗಳೇ. "ಅದೂ... ಕೊಡೆ..." ಅಂದ.

"ಕೊಡೇನಾ?" ತಾತ ಹುಬ್ಬು ಗಂಟು ಹಾಕಿದ. ಆಮೇಲೆ ಅವನ ಕಣ್ಣು ದೀಪದ ಹಾಗೆ ಹತ್ತಿಕೊಂಡವು. "ಓಹೋ. ಆಕಾಶದಿಂದ ಧುಮುಕೋರು. ಪ್ಯಾರಾಚೂಟು. ನೋಡ್ರಪ್ಪ, ಅಪ್ಪ ಕೆಳಗೆ ಕೊಡೆ ಹೊಲೀತಾನೆ, ಮಗ ಮೇಲಿಂದ ಕೊಡೆ ಹಿಡ್ಕೊಂಡು ಧುಮುಕ್ತಾನೆ. ರಕ್ತ ಅಂದ್ರೆ ಇದು."

ಜನ ಎಲ್ಲಾ ಒಟ್ಟಿಗೆ ತಲೆ ಎತ್ತಿ ಆಕಾಶ ನೋಡಿದ್ರು, ಹುಡುಗ ಈಗಲೇ ಇಳೀತಾನೇನೋ ಅನ್ನೋ ಹಾಗೆ. ಟೈಲರಮ್ಮ ಕಣ್ಣು ಒರೆಸ್ಕೊಂಡ್ಲು.

ಆದ್ರೆ ತಾತ ಸುಮ್ಮನೆ ಬಿಡೋ ಪೈಕಿ ಅಲ್ಲ. "ಒಂದು ವಿಷಯ ಅರ್ಥ ಆಗ್ಲಿಲ್ಲ ಕಣೋ. ಮೊದಲು ಲೆಫ್ಟಿನೆಂಟು, ಆಮೇಲೆ ಕ್ಯಾಪ್ಟನ್ನು, ಆಮೇಲೆ ಮೇಜರ್. ಮೆಟ್ಟಿಲು ಹತ್ತಿದ ಹಾಗೆ. ನಿನ್ನ ಮಗ ಮೊನ್ನೆ ಮೊನ್ನೆ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ. ಅವನಿಗೆ ಈಗ ವಯಸ್ಸೆಷ್ಟು?"

ಕೊಡೆಯಪ್ಪ ಯಾವ ಪ್ರಶ್ನೆಗೆ ಹೆದರಿದ್ನೋ ಅದೇ ಬಂತು. ಹದಿನೆಂಟು ಅನ್ನೋದು ಬಾಯಿಗೆ ಬರಬಾರದು, ಬರಬಾರದು ಅಂತ ಹಲ್ಲು ಕಚ್ಚಿದ. "ಹದಿನಾರು" ಅಂದ.

ಎಲ್ಲರೂ ತಾತನ ಕಡೆ ತಿರುಗಿದ್ರು.

"ಹದಿನಾರಕ್ಕೆ ಮೇಜರ್ರಾ?" ಅಂದ ತಾತ.

ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ಹಿಡ್ಕೊಂಡು ಬಂದಿದ್ಲು. ಬೆಳಿಗ್ಗೆ ನಾಲಿಗೆ ಕಚ್ಚಿಕೊಂಡಿದ್ಲಲ್ಲ, ಈಗ ಮೇಜರ್‌ನ ತಾಯಿ ಅಂತ ದಾರಿಯುದ್ದಕ್ಕೂ ಮರ್ಯಾದೆ ಸಿಕ್ಕು ಸಿಕ್ಕು ಅವಳಿಗೂ ರುಚಿ ಹತ್ತಿತ್ತು. "ಯಾಕೆ ತಾತ, ಆಗಬಾರದಾ? ನಮ್ಮ ಹುಡುಗ ಹೊಟ್ಟೇಲಿದ್ದಾಗಲೇ ಎಡ ಬಲ, ಎಡ ಬಲ ಅಂತ ಒದೀತಿದ್ದ. ಅಲ್ಲಿ ದೊಡ್ಡ ದೊಡ್ಡ ಗಾಡಿಗಳೆಲ್ಲಾ ಇವನ ಕೈ ಕೆಳಗೇ ಇರೋದು. ಇವನು ಮುಟ್ಟದೆ ಒಂದೂ ಹೊರಡಲ್ಲ" ಅಂದ್ಲು. ಸುಳ್ಳು ಹೇಳಿದ ಹಾಗೂ ಆಗ್ಲಿಲ್ಲ, ನಿಜ ಹೇಳಿದ ಹಾಗೂ ಆಗ್ಲಿಲ್ಲ.

ತಾತ ಮೀಸೆ ತಿರುವಿ ತೀರ್ಪು ಕೊಟ್ಟ. "ಸರಿ ಬಿಡು. ಮಿಲಿಟರಿಗೆ ಮೇಜರ್, ಮನೆಗೆ ಮೈನರ್. ಇಂಥದ್ದು ಲಕ್ಷಕ್ಕೊಂದು ಆಗುತ್ತೆ, ನಾನು ಅಡುಗೆ... ಅಂದ್ರೆ, ಗಡೀಲಿ ಇದ್ದಾಗ ಕೇಳಿದ್ದೆ."

"ಪಾಪ, ಅಲ್ಲಿ ರಾತ್ರಿ ಹಾಲು ಕುಡಿಸಿ ಮಲಗಿಸ್ತಾರೋ ಇಲ್ವೋ" ಅಂದ್ಲು ಟೈಲರಮ್ಮ.

ಮಧ್ಯಾಹ್ನ ಇಳಿಯೋ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯ್ತು. ಟಪ್, ಟಪ್, ಟಪ್. ಆ ಸದ್ದು ಕೊಡೆಯಪ್ಪನಿಗೆ ನಿದ್ದೇಲೂ ಗುರುತು. ಯಜಮಾನರು. ಮೂರು ಮಹಡಿ ಇಳಿದು ಬರೋ ತನಕ ಅವನ ಜೀವ ಒಂದೊಂದು ಮೆಟ್ಟಿಲಿಗೂ ಒಂದೊಂದು ಸಲ ಹೋಗಿ ಬಂತು. ಜನ ಸರಿದು ನಿಂತ್ರು. ಕಟಿಂಗ್ ಶಾಪಿನವನು ಮುಂದೆ ಬಂದು ನಿಂತ, ಕೈಲಿ ಬಾಚಣಿಗೆ.

"ಏನಯ್ಯಾ ಕೊಡೆಯಪ್ಪ, ಮಗ ಮೇಜರ್ ಆದ್ನಂತೆ?" ಅಂದ್ರು ಯಜಮಾನರು. ಮುಖದಲ್ಲಿ ನಗು ಇತ್ತು. ಆ ನಗು ನೋಡಿ ಕೊಡೆಯಪ್ಪನಿಗೆ ಇನ್ನೂ ಭಯ ಆಯ್ತು. ಕೋಳಿ ಕುಯ್ಯೋಕೆ ಮುಂಚೆ ಕಾಳು ಹಾಕೋರೂ ಹೀಗೇ ನಗೋದು.

"ಹೂಂ ಯಜಮಾನ್ರೇ. ಮಿಲಿಟರೀಲಿ."

ಯಜಮಾನರ ನಗು ಸ್ವಲ್ಪ ಬಾಡಿತು. "ಮಿಲಿಟರೀಲಾ? ವಯಸ್ಸಲ್ಲಿ ಅಲ್ವಾ? ಹದಿನೆಂಟು ತುಂಬಿ ಮೇಜರ್ ಆಗ್ತಾರಲ್ಲ, ಹಾಗಲ್ವಾ?"

"ಅಯ್ಯೋ ಎಲ್ಲಿ ಯಜಮಾನ್ರೇ. ವಯಸ್ಸಿಗೆ ಇನ್ನೂ ಹಾಲುಗಲ್ಲ. ಅದಕ್ಕೆಲ್ಲಾ ಇನ್ನೂ ಬೇಕಾದಷ್ಟು ದಿನ ಇದೆ."

"ನೋಡಯ್ಯಾ, ಯೋಚನೆ ಮಾಡಿ ಹೇಳು. ಆತುರ ಇಲ್ಲ. ಯಾವ ಮೇಜರ್?"

"ಮಿಲಿಟರಿ ಮೇಜರ್ರೇ. ನನ್ನ ಕಸುಬಿನ ಮೇಲಾಣೆ, ಈ ಕೊಡೆ ಮೇಲಾಣೆ" ಅಂತ ಕೊಡೆಯಪ್ಪ ಎದುರಿಗಿದ್ದ ಕೊಡೆ ಎತ್ತಿ ಹಿಡಿದ. ಅದು ಯಾರದೋ ಗಿರಾಕಿದು. ಇರಲಿ, ಆಣೆಗೆ ಯಾವ ಕೊಡೆಯಾದ್ರೇನು.

ಯಜಮಾನರು ನಿಟ್ಟುಸಿರು ಬಿಟ್ಟು ಮೆಟ್ಟಿಲ ಮೇಲೆ ಕೂತ್ರು. "ಛೆ. ಹಾಗಾದ್ರೆ ಆಗ್ಲಿಲ್ಲ ಬಿಡು. ನಮ್ಮಮ್ಮ ಸಾಯೋವಾಗ ನನ್ನ ಕೈ ಹಿಡ್ಕೊಂಡು ಒಂದು ಮಾತು ತಗೊಂಡಿದ್ಲು. 'ಕೊಡೆಯಪ್ಪನ ಮಗನಿಗೆ ಹದಿನೆಂಟು ತುಂಬಿದ ದಿನ ಆ ಗೂಡನ್ನ ಅವನ ಹೆಸರಿಗೆ ಮಾಡಿಕೊಡು. ಅಲ್ಲೀ ತನಕ ಬಾಯಿ ಬಿಡಬೇಡ, ಬಿಟ್ರೆ ಅಪ್ಪ ಕೆಲಸ ಮಾಡಲ್ಲ, ಸೋಮಾರಿ ಆಗ್ತಾನೆ' ಅಂತ. ಈಗ ಸ್ವಲ್ಪ ಮುಂಚೆ 'ಮೇಜರ್ ಆದ' ಅಂತ ಕೇಳಿದ ಕೂಡಲೇ, ಅಬ್ಬಾ, ಅಮ್ಮನ ಋಣ ತೀರೋ ದಿನ ಬಂತು ಅಂತ ಸ್ನಾನ ಮಾಡಿ ಹೊಸ ಅಂಗಿ ಹಾಕ್ಕೊಂಡು ಇಳಿದು ಬಂದೆ ಕಣಯ್ಯಾ."

ಕೊಡೆಯಪ್ಪನ ಕೈಲಿದ್ದ ಕೊಡೆ ಮೆಲ್ಲಗೆ ಮುಚ್ಚಿಕೊಳ್ತು. ಬಾಯಿ ಮಾತ್ರ ಮುಚ್ಚಿಕೊಳ್ಳಲಿಲ್ಲ.

"ಈಗ ನೋಡಿದ್ರೆ ಮಿಲಿಟರಿ ಮೇಜರ್. ಸರ್ಕಾರ ಬಂಗಲೆ ಕೊಟ್ಟಿರುತ್ತೆ, ಆಳು ಕಾಳು ಕೊಟ್ಟಿರುತ್ತೆ. ಅಂಥೋನ ಅಪ್ಪ ನನ್ನ ಮೆಟ್ಟಿಲ ಕೆಳಗೆ ಬಗ್ಗಿ ಕೂತ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ನೀನು ಮಗನ ಹತ್ರ ಹೋಗಿ ಸುಖವಾಗಿರು. ಈ ಕಟಿಂಗ್ ಶಾಪಿನವನು ಯಾವ ಕಾಲದಿಂದಲೋ ಕೇಳ್ತಿದ್ದಾನೆ, ಅವನಾದ್ರೂ ಕುರ್ಚಿ ಹಾಕ್ಕೊಳ್ಳಲಿ."

"ದೊಡ್ಡ ಮನಸ್ಸು ನಿಮ್ಮದು" ಅಂದ ಕಟಿಂಗ್ ಶಾಪಿನವನು. ಅಷ್ಟು ಬೇಗ ಅಂದ ಅಂದ್ರೆ, ಯಜಮಾನರ ಮಾತು ಮುಗಿಯೋಕೆ ಮುಂಚೆಯೇ ಅಂದಿದ್ದ.

ಕೊಡೆಯಪ್ಪ ಗೂಡಿಂದ ಹಾರಿ ಬಂದು ಯಜಮಾನರ ಮುಂದೆ ಕುಕ್ಕರುಗಾಲಲ್ಲಿ ಕೂತ. "ಯಜಮಾನ್ರೇ, ಸುಳ್ಳು ಹೇಳಿದೆ. ಅವನು ಮಿಲಿಟರಿ ಮೇಜರ್ ಅಲ್ಲ, ವಯಸ್ಸಿನ ಮೇಜರ್. ಇವತ್ತಿಗೆ ಹದಿನೆಂಟು. ಲಾರಿ ರಿಪೇರಿ ಕಲೀತಿದ್ದಾನೆ. ಲೇ, ಹೇಳೇ."

"ಹೌದು ಯಜಮಾನ್ರೇ, ವಯಸ್ಸಿಂದೇ" ಅಂದ್ಲು ಹೆಂಡತಿ, ತಲೆ ತಗ್ಗಿಸಿ.

ಬೀದಿ ಜನಕ್ಕೆ ಇದು ಸಹಿಸೋಕಾಗ್ಲಿಲ್ಲ. ಬೆಳಿಗ್ಗೆಯಿಂದ ಕಣ್ಣು ತುಂಬಾ ತುಂಬ್ಕೊಂಡಿದ್ದ ಮೇಜರ್‌ನ ಸಂಜೆಗೆ ಕಿತ್ಕೊಂಡ್ರೆ ಯಾರು ಸುಮ್ಮನಿರ್ತಾರೆ? ಹವಾಲ್ದಾರ್ ತಾತ ಕೆಂಡವಾದ. "ಥೂ ನಿನ್ನ. ಈ ಬಿಲದ ಆಸೆಗೆ ಹೆತ್ತ ಮಗನ ಹೆಗಲ ಮೇಲಿನ ಪಟ್ಟಿ ಕೀಳ್ತೀಯೇನೋ? ಶತ್ರುಗಳೂ ಹೀಗೆ ಮಾಡಲ್ಲ."

"ಹದಿನಾರು ಅಂತ ನಮ್ಮೆಲ್ಲರ ಮುಂದೆ ನೀವೇ ಹೇಳಿದ್ರಲ್ಲ ಅಣ್ಣಾ" ಅಂದ್ಲು ಟೈಲರಮ್ಮ. "ಈಗ ಹದಿನೆಂಟು ಹೇಗಾಯ್ತು? ಮಧ್ಯಾಹ್ನ ಊಟ ಮಾಡೋದ್ರೊಳಗೆ ಎರಡು ವರ್ಷ ಬೆಳೆದ್ನಾ?"

ಯಜಮಾನರು ನ್ಯಾಯಸ್ಥರು. ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ್ರು. "ಜಗಳ ಯಾಕೆ? ಹುಡುಗನ್ನೇ ಕೇಳಿಬಿಡೋಣ. ಫೋನ್ ಮಾಡಯ್ಯಾ. ಎಲ್ಲರಿಗೂ ಕೇಳೋ ಹಾಗೆ ಹಾಕು. ನಾನೇ ಮಾತಾಡ್ತೀನಿ, ನೀನು ಉಸಿರೆತ್ತಬೇಡ."

ಕೊಡೆಯಪ್ಪನಿಗೆ ಹೋದ ಜೀವ ಬಂತು. ಮಗ ಸುಳ್ಳು ಹೇಳೋನಲ್ಲ, ಅಪ್ಪನ ಹಾಗಲ್ಲ. ಫೋನ್ ಮಾಡಿ ಯಜಮಾನರ ಕೈಗೆ ಕೊಟ್ಟ. ಫೋನ್ ಸುತ್ತ ಜನ ಸಕ್ಕರೆಗೆ ಇರುವೆ ಮುತ್ತಿದ ಹಾಗೆ ಮುತ್ತಿಕೊಂಡ್ರು.

ಆ ಕಡೆಯಿಂದ ಮೊದಲು ಕೇಳಿಸಿದ್ದು ಸದ್ದು. ಢಣ್, ಢಣ್, ಢಮಾರ್. ಯಾರೋ ಲಾರಿಗೆ ಸುತ್ತಿಗೇಲಿ ಬಡೀತಿದ್ರು.

"ಗುಂಡು" ಅಂದ ತಾತ ಪಿಸುದನೀಲಿ. "ದೊಡ್ಡ ಗುಂಡು."

"ಯಾರು?" ಅಂತ ಹುಡುಗನ ದನಿ ಬಂತು.

"ಮಗಾ, ನಾನು ಮಹಡಿ ಯಜಮಾನರು ಮಾತಾಡೋದು. ನಿಜ ಹೇಳಪ್ಪ, ನೀನು ಮೇಜರ್ ಆದ್ಯಾ?"

"ಹೂಂ ಸಾರ್, ಆದೆ. ಇವತ್ತೇ ಆದೆ." ಹುಡುಗನ ದನಿ ಹಿಗ್ಗಿಂದ ಉಬ್ಬಿತ್ತು. "ಇಲ್ಲಿ ಎಲ್ಲರೂ ಬೆಳಿಗ್ಗೆಯಿಂದ ಮೇಜರ್ ಸಾಹೇಬ್ರೇ ಅಂತ ಸಲ್ಯೂಟ್ ಹೊಡೆದು ತಮಾಷೆ... ಹಲೋ... ಕೇಳಿಸ್ತಿಲ್ಲ ಸಾರ್..."

ಢಮಾರ್, ಢಮಾರ್.

"ಯಾವ ಮೇಜರ್ ಅಂತ ಬಿಡಿಸಿ ಹೇಳಪ್ಪ" ಅಂತ ಯಜಮಾನರು ಕೂಗಿದ್ರು.

"ಸಾರ್, ಆಮೇಲೆ ಮಾತಾಡ್ತೀನಿ. ಟ್ಯಾಂಕ್ ಕೆಳಗೆ ಮಲಗಿದ್ದೀನಿ. ಕೈ ಬಿಟ್ರೆ ಮೈ ಮೇಲೇ ಬೀಳುತ್ತೆ. ಏ, ಹೊಡೀರೋ ಇನ್ನೊಂದು ಸಲ, ಜೋರಾಗಿ."

ಢಮಾರ್ ಅಂತು. ಫೋನ್ ಕಟ್ಟಾಯ್ತು.

ಹವಾಲ್ದಾರ್ ತಾತ ನಿಧಾನಕ್ಕೆ ಎರಡೂ ಹಿಮ್ಮಡಿ ಜೋಡಿಸಿ, ಕಣ್ಣಲ್ಲಿ ನೀರು ತುಂಬ್ಕೊಂಡು, ಕಟ್ಟಾದ ಫೋನಿಗೆ ಸಲ್ಯೂಟ್ ಹೊಡೆದ. ಬ್ರೆಡ್ಡಿನವನು ಟೋಪಿ ತೆಗೆದ. ಯಜಮಾನರು ಎದ್ದು ಬಂದು ಕೊಡೆಯಪ್ಪನ ಹೆಗಲು ತಟ್ಟಿ, "ಟ್ಯಾಂಕ್ ಕೆಳಗೆ ಮಲಗಿ ಹೋರಾಡೋ ಮಗನ್ನ ಇಟ್ಕೊಂಡು ಒಂದು ಗೂಡಿಗೆ ಸುಳ್ಳು ಹೇಳ್ತೀಯಲ್ಲಯ್ಯಾ" ಅಂತ ನೊಂದ್ಕೊಂಡ್ರು.

"ಅದು ಡೀಸೆಲ್ ಟ್ಯಾಂಕು ಯಜಮಾನ್ರೇ, ಲಾರಿ ಟ್ಯಾಂಕು" ಅಂತ ಕೊಡೆಯಪ್ಪ ಬಡ್ಕೊಂಡ. ಅವನ ಮಾತು ಯಾರ ಕಿವಿಗೂ ಹೋಗ್ಲಿಲ್ಲ. ಕಟಿಂಗ್ ಶಾಪಿನವನು ಆಗಲೇ ಕೊಡೆಗಳನ್ನೆಲ್ಲಾ ಬಹಳ ಮರ್ಯಾದೆಯಿಂದ, ಒಂದೊಂದಾಗಿ, ಧೂಳು ಒರೆಸಿ ಹೊರಗೆ ಜೋಡಿಸ್ತಿದ್ದ. ಗೋಡೆ ಹತ್ರ ಕನ್ನಡಿ ಬಂದು ನಿಂತಿತ್ತು.

ಸಂಜೆಗೆ ಬೀದಿ ಖಾಲಿಯಾಯ್ತು. ಕೊಡೆಯಪ್ಪ ಕಡೇ ಮೆಟ್ಟಿಲ ಮೇಲೆ ಮುರಿದ ಕೊಡೆಗಳ ಕಟ್ಟು ತಬ್ಬಿಕೊಂಡು ಕೂತಿದ್ದ. ಕತ್ತು ಮತ್ತೆ ಒಳಗೆ ಹೋಗಿತ್ತು, ಮೊದಲಿಗಿಂತ ನಾಲ್ಕು ಬೆರಳು ಜಾಸ್ತಿ. ಹೆಂಡತಿ ಬಂದು ಪಕ್ಕದಲ್ಲಿ ಕೂತ್ಲು. ಏನೋ ಹೇಳೋಕೆ ಬಾಯಿ ತೆಗೆಯೋದು, ಮುಚ್ಚೋದು ಮಾಡಿದ್ಲು. ಕೊನೆಗೆ ತಡೆಯೋಕಾಗದೆ ಅವನ ಕಿವಿ ಹತ್ರ ಬಗ್ಗಿದ್ಲು.

"ರೀ, ಬೈಬೇಡಿ, ಒಂದು ಮಾತು ಕೇಳ್ತೀನಿ. ಹುಡುಗ ನಮಗೂ ಹೇಳದೆ ನಿಜವಾಗ್ಲೂ ಮಿಲಿಟರಿ ಸೇರಿಬಿಟ್ಟಿದ್ದಾನಾ?"